ಪಾಸಾದ್ರೂ ಡಿಗ್ರಿ ಇಲ್ಲ

ಕೇಳುಗರಿಗೆ ನಮಸ್ಕಾರ.

1890ರ ಜೂನ್ ತಿಂಗಳು, ಇಂಗ್ಲೆಂಡಿನ ಕೇಂಬ್ರಿಡ್ಜ್ ಯೂನಿವರ್ಸಿಟಿ, ಸೆನೆಟ್ ಹೌಸ್‌ನಲ್ಲಿ ಗಣಿತದ ರಿಸಲ್ಟ್ ಓದ್ತಾ ಇದಾರೆ. ಅಲ್ಲಿ ಈ ಪರೀಕ್ಷೇಲಿ ಫಸ್ಟ್ ಕ್ಲಾಸ್ ಬಂದವರಿಗೆ ರ‍್ಯಾಂಗ್ಲರ್ ಅಂತಾರೆ (ಧಾರವಾಡದಲ್ಲಿ ಕುಲಪತಿ ಆಗಿದ್ದ ಡಿ. ಸಿ. ಪಾವಟೆಯವರೂ ರ‍್ಯಾಂಗ್ಲರೇ), ಎಲ್ಲರಿಗಿಂತ ಮೇಲಿರೋನು ಸೀನಿಯರ್ ರ‍್ಯಾಂಗ್ಲರ್. ಮೊದಲು ಗಂಡಸರ ಪಟ್ಟಿ ಓದಿದ್ರು, ಆಮೇಲೆ ಹೆಂಗಸರದ್ದು, ಅದು ಬೇರೇನೇ ಪಟ್ಟಿ, ಇವರು ಗಂಡಸರಲ್ಲಿ ಎಷ್ಟನೇಯವರ ಸಮಕ್ಕೆ ಬರ್ತಾರೆ ಅಂತ ಅಷ್ಟೇ ಹೇಳೋದು. ನ್ಯೂನಮ್ ಕಾಲೇಜಿನ ಫಿಲಿಪಾ ಫಾಸೆಟ್ ಹೆಸರು ಬಂತು. "ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ" ಅಂದ್ರು. ಹಾಲ್ ತುಂಬಾ ಕೂಗು, ಚಪ್ಪಾಳೆ. ಮೊದಲನೇ ರ‍್ಯಾಂಕಿಗಿಂತ ಮೇಲೆ, ಅದಕ್ಕೊಂದು ನಂಬರ್ ಕೂಡ ಇರ್ಲಿಲ್ಲ ನೋಡಿ!

ಆದ್ರೆ ಡಿಗ್ರಿ ಕೊಡ್ಲಿಲ್ಲ.

ಮುಂದೆ ಗರ್ಟನ್ ಅಂತ ಹೆಸರಾದ ಹೆಣ್ಮಕ್ಕಳ ಕಾಲೇಜು ಶುರುವಾಗಿದ್ದು 1869ರಲ್ಲಿ, ಐದೇ ಜನ, ಅದೂ ಕೇಂಬ್ರಿಡ್ಜ್‌ನಲ್ಲಲ್ಲ, ದೂರದ ಹಿಚಿನ್‌ನಲ್ಲಿ ಒಂದು ಬಾಡಿಗೆ ಮನೇಲಿ. ನ್ಯೂನಮ್ ಬಂದಿದ್ದು 1871ರಲ್ಲಿ. 1881ರಿಂದ ಪರೀಕ್ಷೆ ಬರೆಯೋಕೆ ಹಕ್ಕು ಸಿಕ್ತು, ಪಾಸಾದ್ರೆ ಒಂದು ಸರ್ಟಿಫಿಕೇಟು ಅಷ್ಟೇ, ಯಾಕಂದ್ರೆ ಅಲ್ಲಿ ಡಿಗ್ರಿ ಅಂದ್ರೆ ಬರೀ ಕಾಗದ ಅಲ್ಲ, ಎಂಎ ಆದೋರಿಗೆ ಯೂನಿವರ್ಸಿಟಿ ವ್ಯವಹಾರದಲ್ಲಿ ಓಟು ಇತ್ತು, ಗಂಡಸರು ಹೆದರಿದ್ದು ಆ ಓಟಿಗೆ ಅನ್ಸುತ್ತೆ ನಂಗೆ.

1897ರಲ್ಲಿ ಡಿಗ್ರಿ ಕೊಡೋಣ್ವಾ ಬೇಡ್ವಾ ಅಂತ ಓಟಿಗೆ ಹಾಕಿದ್ರು. ಅವತ್ತು ಹುಡುಗರು ಸೈಕಲ್ ಮೇಲೆ ಕೂತ ಹೆಂಗಸಿನ ಗೊಂಬೆ ಮಾಡಿ ಸೆನೆಟ್ ಹೌಸ್ ಎದುರಿಗೇ ನೇತು ಹಾಕಿದ್ರು, ಬೇಡ ಅಂತ 1,700ಕ್ಕೂ ಜಾಸ್ತಿ ಓಟು ಬಿತ್ತು, ಬೇಕು ಅಂದೋರು 700 ಜನಾನೂ ಇಲ್ಲ, ಗೆದ್ದ ಖುಷೀಲಿ ಆ ಗೊಂಬೇನ ಹರಿದು ನ್ಯೂನಮ್ ಗೇಟಿಗೆ ತುರುಕಿ ಬಂದ್ರು. 1921ರಲ್ಲೂ ಅದೇ ಸೋಲು, ಹೆಸರಿಗೆ ಮಾತ್ರ ಡಿಗ್ರಿ ಕೊಟ್ರು, ಓಟು ಇಲ್ಲ, ಈ ಸಲ ಕೈಗಾಡಿ ತಂದು ಗುದ್ದಿ ನ್ಯೂನಮ್‌ನ ಕಂಚಿನ ಗೇಟನ್ನೇ ಮುರಿದ್ರು. ಇವರೆಲ್ಲ ಓದಿದೋರು!

ಹೆಣ್ಮಕ್ಕಳೂ ಸುಮ್ನೆ ಕೂರ್ಲಿಲ್ಲ. 1904ರಿಂದ 1907ರವರೆಗೆ ಡಬ್ಲಿನ್‌ನ ಟ್ರಿನಿಟಿ ಕಾಲೇಜು ಇಂಥವರಿಗೆ ಡಿಗ್ರಿ ಕೊಡ್ತಿತ್ತು, ಕೇಂಬ್ರಿಡ್ಜ್ ಆಕ್ಸ್‌ಫರ್ಡ್ ಎರಡೂ ಕಡೆಯಿಂದ 700ಕ್ಕೂ ಹೆಚ್ಚು ಹೆಂಗಸರು ಸಮುದ್ರ ದಾಟಿ ಹೋಗಿ ತಗೊಂಡು ಬಂದ್ರು. ಸ್ಟೀಮ್‌ಬೋಟ್ ಲೇಡೀಸ್ ಅಂತಾನೇ ಹೆಸರು ಬಿತ್ತು.

ನಂಗೆ ತಮಾಷೆ ಅನ್ಸೋದು 1939. ಡೊರೊಥಿ ಗ್ಯಾರಡ್ ಅಲ್ಲಿ ಪುರಾತತ್ವದ ಪ್ರೊಫೆಸರ್ ಆದ್ರು, ಕೇಂಬ್ರಿಡ್ಜ್‌ನ ಮೊದಲ ಮಹಿಳಾ ಪ್ರೊಫೆಸರ್, ಪಾಠ ಮಾಡ್ಬಹುದು, ಓಟು ಮಾತ್ರ ಹಾಕೋ ಹಾಗಿಲ್ಲ. ಅದೇ ವರ್ಷ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿ ಹೋಗಿದ್ದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಆದವರು, ಕೇಂಬ್ರಿಡ್ಜ್‌ನಲ್ಲೇ ಪಿಎಚ್‌ಡಿ ಮಾಡಿದ್ರು.

ಕೊನೆಗೆ ಪೂರ್ತಿ ಡಿಗ್ರಿಗೆ ಒಪ್ಪಿಗೆ ಸಿಕ್ಕಿದ್ದು 1948ರಲ್ಲಿ. ಅಕ್ಟೋಬರ್‌ನಲ್ಲಿ ಮೊದಲು ಡಿಗ್ರಿ ತಗೊಂಡಿದ್ದು ಆಗಿನ ರಾಜ ಆರನೇ ಜಾರ್ಜ್ ಹೆಂಡತಿ, ರಾಣಿ ಎಲಿಜಬೆತ್, ಅದೂ ಗೌರವ ಡಿಗ್ರಿ, ಅವರೇನು ಅಲ್ಲಿ ಪರೀಕ್ಷೆ ಬರೆದೋರಲ್ಲ. ಫಿಲಿಪಾ ಫಾಸೆಟ್ ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡಿದ್ರು, 80 ವರ್ಷ ವಯಸ್ಸಾಗಿತ್ತು.

ನಮಸ್ಕಾರ.