ಕಣದ ಮೇಲೆ ಕಾರು

ನಮಸ್ಕಾರ. ಇವತ್ತು ಒಂದು ಬಿಳಿ ಕಾರಿನಿಂದ ಶುರು ಮಾಡುತ್ತೇನೆ.

ಕಳೆದ ಕಾಫಿ ಕುಯ್ಲಿನಲ್ಲಿ ಒಂದು ಭಾನುವಾರ. ಮುಳ್ಳಯ್ಯನಗಿರಿಗೆ ಹೋಗುವ ರಸ್ತೆ ಪಕ್ಕದಲ್ಲೇ ನಮ್ಮ ಮನೆ, ಕೈಮರ ಚೆಕ್‌ಪೋಸ್ಟಿಗಿಂತ ಸ್ವಲ್ಪ ಕೆಳಗೆ. ಕಾಫಿ ಒಣಗಿಸುವ ಕಣದ ತುಂಬ ಹಣ್ಣು ಹರಡಿತ್ತು. ಅಮ್ಮ ಕಾಲಲ್ಲೇ ಸಾಲು ಎಳೆದು ತಿರುವಿ ಹಾಕಿ, ಒಳಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದಳು. ಅಷ್ಟರಲ್ಲಿ ಕಣದ ಮೇಲೆ ಕಾರು! ಹಣ್ಣಿನ ಮೇಲೇ ನಿಂತಿದೆ.

ಕೇಳಿದ್ದಕ್ಕೆ ಆ ಹುಡುಗ, "ಆಂಟಿ, ಪಾರ್ಕಿಂಗ್ ಎಷ್ಟು?" ಅಂದ. ಜಗಳಕ್ಕೆ ಬಂದವನಲ್ಲ, ಪಾಪ. ಅವನ ಸ್ಲಾಟ್ ಇದ್ದದ್ದು ಮಧ್ಯಾಹ್ನಕ್ಕೆ. ಅಲ್ಲಿವರೆಗೆ ಗಾಡಿ ಎಲ್ಲಾದರೂ ನಿಲ್ಲಬೇಕಲ್ಲ. ಅವನ ಕಣ್ಣಿಗೆ ಅದು ಕಣವೇ ಅಲ್ಲ, ಸಿಮೆಂಟು ಹಾಕಿದ ಖಾಲಿ ಜಾಗ ಅಷ್ಟೇ. ಅವನು ಹೋದ ಮೇಲೆ ಅಮ್ಮ ಮೊರ ಹಿಡಿದು ಅಪ್ಪಚ್ಚಿಯಾದ ಹಣ್ಣು ಆರಿಸುತ್ತಾ ಕೂತಳು.

ಸ್ಲಾಟ್ ಅಂದೆನಲ್ಲ, 2025ರ ಸೆಪ್ಟೆಂಬರ್‌ನಿಂದ ಬೆಟ್ಟಕ್ಕೆ ಆನ್‌ಲೈನ್ ಬುಕಿಂಗ್ ಬಂದಿದೆ. ಬೆಳಗ್ಗೆ 600 ಗಾಡಿ, ಮಧ್ಯಾಹ್ನ 600. ಒಳ್ಳೆಯ ಕೆಲಸವೇ. 1,930 ಮೀಟರ್, ರಾಜ್ಯದಲ್ಲೇ ಎತ್ತರದ ಬೆಟ್ಟ, ಜನ ಬಂದೇ ಬರುತ್ತಾರೆ. ಆದರೆ ಲೆಕ್ಕ ಹಾಕಿದ್ದು ಬೆಟ್ಟದ ತಾಕತ್ತನ್ನು. ಊರಿನದ್ದನ್ನಲ್ಲ. ಸ್ಲಾಟ್ ಸಿಗದವರು ಅಲ್ಲಿಂದಲೇ ಬೆಂಗಳೂರಿಗೆ ವಾಪಸ್ ಹೋಗುವುದಿಲ್ಲ, ಅಲ್ವಾ? ಯಾವುದೋ ತೋಟದ ದಾರಿ, ಯಾವುದೋ ಹಳ್ಳ ಹುಡುಕಿಕೊಂಡು ಇಳಿಯುತ್ತಾರೆ. ಸೋಮವಾರ ಕೆಲಸಕ್ಕೆ ಬಂದವರ ಕಾಲಿಗೆ ಸಿಗುವುದು ಬಾಟಲಿ ಚೂರು.

ಲೈನ್ ಮನೆಯವರಿಗೆ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೆಲಸದವರಿಗೆ, ರಜೆ ಸಿಗುವುದೂ ಭಾನುವಾರವೇ. ದಿನಸಿ ತರಬೇಕು, ಮಗುವಿಗೆ ಔಷಧಿ ತರಬೇಕು. ಅರ್ಧ ಗಂಟೆಯ ದಾರಿಗೆ ಎರಡು ಗಂಟೆ. ಮುಂದೆ ಯಾರೋ ತಿರುವಿನಲ್ಲೇ ಗಾಡಿ ನಿಲ್ಲಿಸಿ ಬಾನೆಟ್ ಮೇಲೆ ಹತ್ತಿ ರೀಲ್ಸ್ ಮಾಡುತ್ತಿರುತ್ತಾರೆ. ಹಾರ್ನ್ ಹೊಡೆದರೆ ನಮಗೇ ಬುದ್ಧಿ ಹೇಳುತ್ತಾರೆ: "ಚಿಲ್ ಮಾಡಿ ಸಾರ್, ವೀಕೆಂಡು."

ಇನ್ನು ರಾತ್ರಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು ಅಂತ ದೇಶದಲ್ಲಿ 2000ದಿಂದಲೇ ನಿಯಮ ಇದೆ. ನಮ್ಮ ಎದುರು ದಿಬ್ಬದ ಹೋಂಸ್ಟೇಗೆ ಅದನ್ನು ಯಾರೂ ಹೇಳಿದ ಹಾಗಿಲ್ಲ. ಕಣಿವೆ ನೋಡಿ, ಅಲ್ಲಿ ಹಾಡು ಹಾಕಿದರೆ ಇಲ್ಲಿ ಅಡುಗೆಮನೆಯ ತಟ್ಟೆ ನಡುಗುತ್ತದೆ. ಎಸ್ಸೆಸ್ಸೆಲ್ಸಿ ಓದುವ ನನ್ನ ತಂಗಿ ಮಗಳು ಕಿವಿಗೆ ಹತ್ತಿ ಇಟ್ಟುಕೊಂಡು ಓದುತ್ತಾಳೆ.

ಹೇಳಲೇಬೇಕು, ಆ ಹೋಂಸ್ಟೇ ನಡೆಸುವವನು ನನ್ನ ದೊಡ್ಡಪ್ಪನ ಮಗ. ಕೇಳಿದರೆ, "ಕಾಫಿ ರೇಟು ಬಿದ್ದಾಗ ಕೈ ಹಿಡಿದದ್ದು ಈ ರೂಮುಗಳೇ ಕಣೋ" ಅನ್ನುತ್ತಾನೆ. ಸುಳ್ಳಲ್ಲ. ಆ ದುಡ್ಡಿನಲ್ಲೇ ಅವನ ಮಗ ಇಂಜಿನಿಯರಿಂಗ್ ಓದಿದ. ಆದರೆ ಅವನೀಗ ಮಲಗುವುದು ಪೇಟೆಯ ಮನೆಯಲ್ಲಿ! ಮನೆಯವರೇ ಇಲ್ಲದ ಮೇಲೆ ಅದೆಂಥ ಹೋಂಸ್ಟೇ ಮಾರಾಯ್ರೆ? ನಾನು ಪ್ರವಾಸಿಗರಿಗಿಂತ ಜಾಸ್ತಿ ಬೈಯುವುದು ಅವನನ್ನೇ. ಅವನು ಒಂದು ಶನಿವಾರ ಅಲ್ಲೇ ಮಲಗಲಿ, ಹನ್ನೊಂದು ಗಂಟೆಗೆ ತಾನೇ ಎದ್ದು ಸ್ಪೀಕರಿನ ವೈರು ಕಿತ್ತು ಹಾಕುತ್ತಾನೆ.

ಇನ್ನೊಂದು ವಿಷಯ, ಇದನ್ನು ಯಾರೂ ಮಾತಾಡುವುದಿಲ್ಲ. ನಮ್ಮೂರ ಶಾಲೆಗೆ ಹೊಸ ಟೀಚರ್ ಬಂದರು. ಬಾಡಿಗೆ ಮನೆ ಹುಡುಕಿ ಹುಡುಕಿ ಸಾಕಾಯಿತು. ಖಾಲಿ ಇದ್ದ ಮೂರು ಮನೆಯೂ ದಿನದ ಬಾಡಿಗೆಗೆ ಹೋಗಿವೆ. ಎರಡು ರಾತ್ರಿಗೆ ಸಿಗುವ ದುಡ್ಡು ಟೀಚರ್ ಕೊಡುವ ತಿಂಗಳ ಬಾಡಿಗೆಗೆ ಸಮ. ಅವರೀಗ ದಿನಾ ಚಿಕ್ಕಮಗಳೂರಿನಿಂದ ಬಂದು ಹೋಗುತ್ತಾರೆ. ಶನಿವಾರ ಬೆಳಗ್ಗಿನ ತರಗತಿಗೆ ತಲುಪುವುದು ಲೇಟು. ಕಾರಣ ಗೊತ್ತೇ ಇದೆಯಲ್ಲ, ರಸ್ತೆ.

ಬರಬೇಡಿ ಅಂತ ನಾನು ಹೇಳುತ್ತಿಲ್ಲ. ರೂಮು ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: "ರಾತ್ರಿ ಮನೆಯವರು ಇರುತ್ತಾರಾ?" ಇಲ್ಲ ಅಂದರೆ ಬೇರೆ ಕಡೆ ನೋಡಿ.

ಅಮ್ಮ ಈಗ ಕಣದ ಸುತ್ತ ಹಗ್ಗ ಕಟ್ಟಿದ್ದಾಳೆ. ಕಾಣಲಿ ಅಂತ ಅಪ್ಪನ ಹಳೇ ಕೆಂಪು ಟವೆಲ್ ನೇತುಹಾಕಿದ್ದಾಳೆ. ಮೊನ್ನೆ ಒಂದು ಜೋಡಿ ಕಾರು ನಿಲ್ಲಿಸಿ, ಆ ಟವೆಲ್ ಪಕ್ಕಕ್ಕೆ ಸರಿಸಿ, ಹಣ್ಣಿನ ಮುಂದೆ ಫೋಟೋ ತೆಗೆದುಕೊಂಡರು. ಹೋಗುವಾಗ ಟವೆಲ್ ಮತ್ತೆ ಸರಿಯಾಗಿ ಹಾಕಿ ಹೋದರಂತೆ. ಅಮ್ಮನಿಗೆ ಅಷ್ಟಕ್ಕೇ ಖುಷಿ.