ನಾಯಿಗೆ ಎಲ್ಲ ಗೊತ್ತು, ಹೇಳೋಕೆ ಮಾತ್ರ ಬಾಯಿಲ್ಲ!

[ತೆರೆಯ ಮೇಲೆ: ಬಾಗಿಲಲ್ಲಿ ನಿಂತು ಬೊಗಳುತ್ತಿರುವ ನಾಯಿ]

ನಮಸ್ಕಾರ ಸ್ನೇಹಿತರೇ. ಒಂದು ತುಂಟ ನಾಯಿ, ಜೊತೆಗೆ ಇವರನ್ನು ಅವರು ಅಂದುಕೊಳ್ಳುವ ಗೊಂದಲ. ಮನೆಮಂದಿಯೆಲ್ಲ ಕೂತು ನೋಡುವ ಕಾಮಿಡಿಗಳಲ್ಲಿ ಎಷ್ಟೋ ಸಲ ಈ ಎರಡೂ ಒಟ್ಟಿಗೇ ಬರುತ್ತವೆ. ಯಾಕೆ?

ನಾವು ಏಮಾರುವುದು ಮುಖ, ಬಟ್ಟೆ, ಹೆಸರು ನೋಡಿ. ನಾಯಿ ಗುರುತು ಹಿಡಿಯುವುದು ಹೆಚ್ಚಾಗಿ ವಾಸನೆಯಿಂದ. ವೇಷ ಹಾಕಿ ಇಡೀ ಮನೆಯನ್ನು ನಂಬಿಸಬಹುದು, ನಾಯಿಯನ್ನು ನಂಬಿಸುವುದು ಕಷ್ಟ. ಅದು ಬೊಗಳುತ್ತದೆ, ಪ್ಯಾಂಟ್ ಹಿಡಿದು ಎಳೆಯುತ್ತದೆ. ಮನೆಯವರು ಅದಕ್ಕೇ ಬೈದು ಹೊರಗೆ ಕಟ್ಟುತ್ತಾರೆ. ನಿಜ ಗೊತ್ತಿರುವುದು ನಾಯಿಗೆ ಮತ್ತು ನೋಡುತ್ತಿರುವ ನಮಗೆ ಮಾತ್ರ. ನಗು ಹುಟ್ಟುವುದೇ ಅಲ್ಲಿ.

[ತೆರೆಯ ಮೇಲೆ: 1938]

ಹಾವರ್ಡ್ ಹಾಕ್ಸ್ ನಿರ್ದೇಶನದ ‘ಬ್ರಿಂಗಿಂಗ್ ಅಪ್ ಬೇಬಿ’ ನೋಡಿ. ಕ್ಯಾರಿ ಗ್ರಾಂಟ್ ಇಲ್ಲಿ ಡೈನೋಸಾರ್ ಅಸ್ಥಿಪಂಜರ ಜೋಡಿಸುತ್ತಿರುವ ವಿಜ್ಞಾನಿ. ಇನ್ನೊಂದೇ ಒಂದು ಮೂಳೆ ಬಾಕಿ. ಜಾರ್ಜ್ ಅನ್ನುವ ನಾಯಿ ಅದನ್ನೇ ಕಚ್ಚಿಕೊಂಡು ಹೋಗಿ ಎಲ್ಲೋ ಹೂತುಬಿಡುತ್ತದೆ. ಆಮೇಲೆ ಈ ಮರ್ಯಾದಸ್ಥ ವಿಜ್ಞಾನಿಗೆ ನಾಯಿಯ ಬೆನ್ನು ಹತ್ತಿ ಮಣ್ಣು ಅಗೆಯುವುದೇ ಕೆಲಸ. ನಾಯಿಯದ್ದೇನೂ ತಪ್ಪಿಲ್ಲ, ಅಲ್ವಾ? ಮೂಳೆ ಸಿಕ್ಕರೆ ನಾಯಿ ಮತ್ತೇನು ಮಾಡಬೇಕು? ಸುಮ್ನೆ ಪಾತ್ರೆ ಬೀಳಿಸಿ, ಸೋಫಾ ಹರಿಯುವ ನಾಯಿ ನನಗೆ ಬೇಗ ಬೇಜಾರಾಗುತ್ತದೆ. ಜಾರ್ಜ್ ಮಾಡುವ ತಂಟೆಯಿಂದ ಕಥೆಯೇ ಮುಂದೆ ಹೋಗುತ್ತದೆ.

ಗೊಂದಲವಂತೂ ಇನ್ನೂ ಜೋರು. ಕಥೆಯಲ್ಲಿ ಎರಡು ಚಿರತೆಗಳಿವೆ. ಬೇಬಿ ಅನ್ನುವುದು ಸಾಕಿದ ಚಿರತೆ, ಸಾಧು. ಇನ್ನೊಂದು ಸರ್ಕಸ್‌ನದು, ಅಪಾಯದ್ದು. ನೋಡಲು ಎರಡೂ ಒಂದೇ ಥರ. ಕ್ಯಾಥರಿನ್ ಹೆಪ್‌ಬರ್ನ್ ಪಾತ್ರ ಸರ್ಕಸ್ ಚಿರತೆಯನ್ನೇ ಬೇಬಿ ಅಂದುಕೊಂಡು, ಹಗ್ಗ ಹಾಕಿ, ಗದರಿಸುತ್ತಾ ಜೈಲಿಗೆ ಎಳೆದು ತರುತ್ತಾಳೆ. ಅವಳು ಬರುವ ಮೊದಲೇ ಬೇಬಿ ಅಲ್ಲಿ ಬಂದು ನಿಂತಿದೆ! ಅಲ್ಲಿದ್ದವರ ಎದೆ ಝಲ್ಲೆನ್ನುತ್ತದೆ. ಅವಳ ಮುಖದಲ್ಲಿ ಮಾತ್ರ ಚೂರೂ ಭಯವಿಲ್ಲ, ಯಾಕಂದರೆ ಅವಳಿಗೆ ಗೊತ್ತೇ ಇಲ್ಲ. ಗಮನಿಸಿ, ಅವಳು ನಗಿಸಲು ಏನೂ ಮಾಡುತ್ತಿಲ್ಲ. ತುಂಬಾ ಸೀರಿಯಸ್ಸಾಗಿ ಚಿರತೆಯನ್ನು ಎಳೆಯುತ್ತಿದ್ದಾಳೆ, ಅಷ್ಟೇ.

ಇನ್ನೂ ಒಂದು ಮಜಾ ಇದೆ. ಎರಡೂ ಚಿರತೆಗಳ ಪಾತ್ರ ಮಾಡಿದ್ದು ನಿಸಾ ಅನ್ನುವ ಒಂದೇ ಚಿರತೆ!

[ತೆರೆಯ ಮೇಲೆ: ಒಂದೇ ಬಣ್ಣದ ನಾಯಿಗಳ ಸಾಲು]

ನಾಯಿಗಳ ವಿಷಯದಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ. 2008ರ ‘ಮಾರ್ಲಿ ಆ್ಯಂಡ್ ಮಿ’ಯಲ್ಲಿ ಮಾರ್ಲಿಯ ಮರಿಯಿಂದ ಮುಪ್ಪಿನವರೆಗಿನ ಪಾತ್ರಕ್ಕೆ 22 ನಾಯಿಗಳು ಬೇಕಾದವು. ಇನ್ನೊಂದು ಥರದ ಅದಲುಬದಲೂ ಉಂಟು: 1943ರ ‘ಲ್ಯಾಸಿ ಕಮ್ ಹೋಮ್’ನಲ್ಲಿ ಹೆಣ್ಣು ನಾಯಿ ಲ್ಯಾಸಿಯಾಗಿ ನಟಿಸಿದ್ದು ಪ್ಯಾಲ್ ಎಂಬ ಗಂಡು ನಾಯಿ. ಚಿತ್ರೀಕರಣದಲ್ಲಿ ಟ್ರೈನರ್ ಕ್ಯಾಮೆರಾ ಪಕ್ಕದಲ್ಲೇ ತಿಂಡಿ ಹಿಡಿದು ನಿಂತಿರುತ್ತಾರೆ. ನಾಯಿ ನಟನನ್ನು ಪ್ರೀತಿಯಿಂದ ನೋಡುತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ನೋಡುತ್ತಿರುವುದು ಎಷ್ಟೋ ಸಲ ಆ ತಿಂಡಿಯನ್ನು.

ಮುಂದಿನ ಸಲ ಇಂಥ ಸಿನಿಮಾ ನೋಡುವಾಗ ನಾಯಿಯ ಕಣ್ಣು ಎತ್ತ ಹೋಗುತ್ತದೆ ನೋಡಿ. ಎಲ್ಲಾದರೂ ನಾಯಿ ಬದಲಾಗಿದ್ದು ಗೊತ್ತಾದರೆ ಆ ದೃಶ್ಯ ಯಾವುದು ಅಂತ ಕಾಮೆಂಟ್‌ನಲ್ಲಿ ಬರೆಯಿರಿ.