ಕೆಂಪು ಬಟ್ಟೆ ಪರವಾನಗಿಯಲ್ಲ

ಮಾನ್ಯ ಕೇಳುಗರಿಗೆ ನಮಸ್ಕಾರ.

ಮನೆ ಕಟ್ಟಿಸುವವರು ಕಬ್ಬಿಣದ ಅಂಗಡಿಯಲ್ಲಿ ಕಂಬಿ ಕೊಂಡು, ಅಲ್ಲೇ ಬಾಡಿಗೆಗೆ ಸಿಗುವ ಪಿಕಪ್ ಗಾಡಿಗೆ ಹೇರಿಸಿ, ಹಿಂದಕ್ಕೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ ಕಳುಹಿಸುವುದು ನಮ್ಮ ಊರುಗಳಲ್ಲಿ ದಿನವೂ ಕಾಣುವ ನೋಟ. ಆ ಬಟ್ಟೆಯೊಂದಿದ್ದರೆ ಕಾನೂನನ್ನು ಪಾಲಿಸಿದಂತಾಯಿತು ಎಂದು ಚಾಲಕರೂ ಸರಕಿನ ಒಡೆಯರೂ ನಂಬಿದ್ದಾರೆ. ಈ ನಂಬಿಕೆ ತಪ್ಪು, ಅಪಾಯಕಾರಿಯೂ ಹೌದು.

1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸರಕು ಅನುಮತಿಸಿದ ಮಿತಿ ಮೀರಿ ಪಕ್ಕಕ್ಕಾಗಲಿ, ಮುಂದಕ್ಕಾಗಲಿ, ಹಿಂದಕ್ಕಾಗಲಿ, ಎತ್ತರಕ್ಕಾಗಲಿ ಚಾಚಿಕೊಂಡಿದ್ದರೆ 20,000 ರೂಪಾಯಿ ದಂಡವಿದೆ. ಸರಕನ್ನು ಇಳಿಸುವ ಖರ್ಚೂ ತಪ್ಪಿತಸ್ಥರದೇ, ಮತ್ತು ಸರಕನ್ನು ಸರಿಯಾಗಿ ಜೋಡಿಸುವವರೆಗೆ ಗಾಡಿ ಅಲ್ಲಿಂದ ಕದಲುವಂತಿಲ್ಲ. ಗಾಡಿ ಓಡಿಸಿದವರಷ್ಟೇ ಅಲ್ಲ, ಓಡಿಸುವಂತೆ ಮಾಡಿದವರೂ ಓಡಿಸಲು ಬಿಟ್ಟವರೂ ಹೊಣೆಗಾರರು ಎನ್ನುತ್ತದೆ ಕಾಯ್ದೆ. "ಒಂದೇ ಟ್ರಿಪ್ಪಿನಲ್ಲಿ ಮುಗಿಸಪ್ಪ" ಎಂದು ಚಾಲಕನನ್ನು ಒತ್ತಾಯಿಸುವ ಮನೆಯೊಡೆಯರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಈಗ ಅಳತೆಯ ಲೆಕ್ಕ ನೋಡೋಣ. ಕಂಬಿ ಸಾಮಾನ್ಯವಾಗಿ 12 ಮೀಟರ್, ಅಂದರೆ ಸುಮಾರು 40 ಅಡಿ ಉದ್ದ ಬರುತ್ತದೆ. ನಡುವೆ ಮಡಿಚಿದರೂ 20 ಅಡಿ ಉಳಿಯುತ್ತದೆ. ಪಿಕಪ್ಪಿನ ಬಾಡಿಯಾದರೋ ಎಂಟೊಂಬತ್ತು ಅಡಿ. ತೂಕವೂ ಕಣ್ಣಂದಾಜಿಗೆ ಸಿಗುವುದಿಲ್ಲ. 12 ಮಿಲಿಮೀಟರ್ ದಪ್ಪದ ಕಂಬಿ ಮೀಟರಿಗೆ ಸುಮಾರು 888 ಗ್ರಾಂ ತೂಗುವುದರಿಂದ, ಅಂತಹ ನೂರು ಕಂಬಿ ಸೇರಿದರೆ ಒಂದು ಟನ್ ದಾಟುತ್ತದೆ. ಗಾಡಿಯ ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕವನ್ನು ಕಳೆದರೆ ಉಳಿಯುವಷ್ಟನ್ನೇ ಹೇರಬಹುದು. ಅದರಲ್ಲಿ ಗಾಡಿಯಲ್ಲಿ ಕೂರುವವರ ತೂಕವೂ ಸೇರಿರುತ್ತದೆ.

ತೂಕ ಮಿತಿಯೊಳಗಿದ್ದರೂ ಅದು ಎಲ್ಲಿ ಕುಳಿತಿದೆ ಎಂಬುದು ಮುಖ್ಯ. ಹಿಂದಿನ ಆಕ್ಸಲ್ಲಿನ ಆಚೆಗೆ ಭಾರ ಚಾಚಿಕೊಂಡರೆ, ಏತದ ಒಂದು ತುದಿ ತಗ್ಗಿದಾಗ ಇನ್ನೊಂದು ತುದಿ ಏಳುವಂತೆ, ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗುತ್ತದೆ. ಸ್ಟಿಯರಿಂಗ್ ಹಗುರವಾಗಿ, ತಿರುಗಿಸಿದ ಕಡೆಗೆ ಗಾಡಿ ತಕ್ಷಣ ತಿರುಗುವುದಿಲ್ಲ. ಮುಂದಿನ ಚಕ್ರಗಳ ಬ್ರೇಕಿಗೂ ಹಿಡಿತ ಸಾಲದು. ತಿರುವಿನಲ್ಲಿ ಮತ್ತೊಂದು ಅಪಾಯವಿದೆ: ಗಾಡಿ ಎಡಕ್ಕೆ ಹೊರಳಿದಾಗ ಹಿಂದೆ ಚಾಚಿದ ತುದಿ ಬಲಕ್ಕೆ ಬೀಸಿ, ಪಕ್ಕದಲ್ಲಿ ಬರುತ್ತಿರುವ ಬೈಕಿನವರ ಎದೆಯ ಮಟ್ಟಕ್ಕೆ ಬರುತ್ತದೆ. ರಾತ್ರಿಯಲ್ಲಂತೂ ಹಿಂದಿನಿಂದ ಬರುವವರಿಗೆ ಕಂಬಿಯ ಉದ್ದ ಕಾಣುವುದಿಲ್ಲ, ಸಣ್ಣ ಚುಕ್ಕೆಯಷ್ಟು ತುದಿ ಮಾತ್ರ ಅವರ ಕಡೆಗಿರುತ್ತದೆ. ಅದನ್ನು ದೀಪದ ಬೆಳಕಿನಲ್ಲಿ ಗುರುತಿಸುವ ಹೊತ್ತಿಗೆ ಬ್ರೇಕ್ ಹಾಕಲು ಸಮಯ ಉಳಿದಿರುವುದಿಲ್ಲ. ಇಂತಹ ಸಾವುಗಳು ಖಂಡಿತ ತಪ್ಪಿಸಬಹುದಾದವು ಎಂಬುದೇ ನನ್ನನ್ನು ಹೆಚ್ಚು ನೋಯಿಸುವ ಸಂಗತಿ.

ಹಾಗಾದರೆ ಸರಕು ಸಾಗಿಸುವುದು ಹೇಗೆ? ಉದ್ದದ ಕಂಬಿಗೆ ಉದ್ದದ ಬಾಡಿಯ ಲಾರಿಯನ್ನೇ ಗೊತ್ತುಮಾಡಬೇಕು. ಕಂಬ, ತೊಲೆಗಳ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳಿಗೆ ಬೇಕಾದ ಕಂಬಿಯನ್ನು, ಎಂಜಿನಿಯರ್ ಕೊಡುವ ಅಳತೆಯ ಪಟ್ಟಿಯಂತೆ ಅಂಗಡಿಯಲ್ಲೇ ಕತ್ತರಿಸಲು ಸಾಧ್ಯವಾದರೆ, ಆ ತುಂಡುಗಳು ಪಿಕಪ್ಪಿನ ಬಾಡಿಯೊಳಗೇ ಹಿಡಿಯುತ್ತವೆ. ಬೀರು, ಮಂಚಗಳನ್ನು ಬಿಚ್ಚಿ ಒಯ್ಯುವುದು ಲೇಸು.

ಬಾಡಿಯೊಳಗೆ ಹಿಡಿಯುವ ಸರಕನ್ನೂ ಕಟ್ಟದೆ ಒಯ್ಯಬಾರದು. ಜೋರಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ಮುಕ್ಕಾಲು ಪಾಲಿಗೂ ಮಿಗಿಲಾದ ಬಲದಿಂದ ಮುಂದಕ್ಕೆ ನುಗ್ಗಬಹುದು, ನುಣುಪಾದ ಕಂಬಿಯ ಕಟ್ಟಾದರೆ ಕ್ಯಾಬಿನ್ನನ್ನೇ ಸೀಳಬಹುದು. ಆದ್ದರಿಂದ ಭಾರವಾದದ್ದನ್ನು ತಳಕ್ಕೆ ಇಟ್ಟು, ಮುಂಗೋಡೆಗೆ ತಾಗಿಸಿ, ಎಡಬಲ ಸಮವಾಗಿ ಹರಡಬೇಕು. ನೈಲಾನ್ ಹಗ್ಗ ಹಿಗ್ಗಿ ಸಡಿಲವಾಗುವುದರಿಂದ ಬಿಗಿಯುವ ಬೆಲ್ಟುಗಳನ್ನು ಎರಡು ಮೂರು ಕಡೆ ಹಾಕಬೇಕು, ಕಬ್ಬಿಣದ ಅಂಚು ಬೆಲ್ಟನ್ನು ಕೊಯ್ಯದಂತೆ ನಡುವೆ ದಪ್ಪ ಗೋಣಿಯನ್ನೋ ರಬ್ಬರನ್ನೋ ಇಡಬೇಕು. ಸರಕು ಅಲುಗದಿರಲೆಂದು ಹಮಾಲಿಯನ್ನು ಅದರ ಮೇಲೆ ಕೂರಿಸುವುದು ಎಂದಿಗೂ ಕೂಡದು. ಹೊರಟ ಮೇಲೆ ಕೆಲವು ಕಿಲೋಮೀಟರಿನೊಳಗೆ ಒಮ್ಮೆ ರಸ್ತೆಯ ಬದಿಗೆ ನಿಲ್ಲಿಸಿ, ಕುಲುಕಾಟಕ್ಕೆ ಸರಕು ಕುಸಿದು ಸಡಿಲಗೊಂಡ ಬೆಲ್ಟುಗಳನ್ನು ಮತ್ತೆ ಬಿಗಿದು, ಹಿಂದಿನ ಟೈರುಗಳನ್ನು ನೋಡಿಕೊಂಡು ಮುಂದುವರಿಯಬೇಕು.

ನಮಸ್ಕಾರ.